ಹಕ್ಕಿಗಳು ಹತ್ತು ಗಂಟೆಗೆ ಹಾಜರಾಗತಕ್ಕದ್ದು

ಊರ ಹೊರಗಿನ ಪಕ್ಷಿವನ ಉದ್ಘಾಟನೆಯಾದ ಸುದ್ದಿ ನೀವೂ ಓದಿರುತ್ತೀರಿ. ಫೋಟೊನೂ ನೋಡಿರುತ್ತೀರಿ. ಕತ್ತರಿ ಒಂದೇ, ಅದನ್ನು ಹಿಡಿಯಲು ಚಾಚಿದ ಕೈಗಳಿಗೆ ಲೆಕ್ಕವಿಲ್ಲ. ಹಿಂದೆ ಡೊಳ್ಳು, ಪಕ್ಕದಲ್ಲಿ ಡಿಜೆ, ಮೇಲೆ ಪಟಾಕಿ ಹೊಗೆ. ಹಕ್ಕಿಗಳನ್ನು ಸ್ವಾಗತಿಸುವ ಕಾರ್ಯಕ್ರಮವಂತೆ. ಅವತ್ತು ಅಲ್ಲಿದ್ದ ಹಕ್ಕಿಗಳು ಹುಮನಾಬಾದ್ ದಾಟಿಯೇ ಉಸಿರು ಬಿಟ್ಟಿರಬೇಕು.

ಯಾವ ವನ ಅಂತ ಹೆಸರು ಹೇಳುವುದಿಲ್ಲ. ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೂ ಬೇಕಾಗಿಲ್ಲ, ಅವರ ಊರಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಗೇಟಿನ ಬೋರ್ಡು ನೋಡಿದ ಕೂಡಲೇ ಕೈ ಮುಗಿದೆ. 'ಪ್ರವೇಶ ಸಮಯ: ಬೆಳಗ್ಗೆ 10ರಿಂದ ಸಂಜೆ 5.30. ಸೋಮವಾರ ರಜೆ.' ಎಂಥಾ ಶಿಸ್ತು! ಹಕ್ಕಿ ಅಂದರೆ ನಸುಕಿಗೇ ಎದ್ದು ಕೂಗಾಡಿ, ಒಂಬತ್ತರೊಳಗೆ ಹೊಟ್ಟೆ ತುಂಬಿಸಿಕೊಂಡು ನೆರಳು ಹಿಡಿಯುವ ಜಾತಿ. ಅದಕ್ಕೊಂದು ಆಫೀಸ್ ಟೈಮ್ ಕಲಿಸಬೇಕು ಅಂತ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ನೋಡಿ.

ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿಗೆ ಅಂತ ಆದೇಶ ಬರುತ್ತದೆ. ಸರಿಯಾದ ಆದೇಶ, ನನ್ನ ತಕರಾರಿಲ್ಲ. 43, 44 ಡಿಗ್ರಿಯಲ್ಲಿ ಫ್ಯಾನ್ ಕೆಳಗೆ ಕೂತು ಫೈಲು ತಿರುವುವುದೇ ಕಷ್ಟ ಅಂತ ಸರ್ಕಾರಕ್ಕೆ ಗೊತ್ತಿದೆ. ಆದರೆ ಅದೇ ಬಿಸಿಲಲ್ಲಿ ಜಾಲಿ ಕಂಟಿಗಳ ನಡುವೆ ಹಕ್ಕಿ ಹುಡುಕುತ್ತಾ ನಡೆಯುವವನಿಗೆ ಬಾಗಿಲು ತೆಗೆಯುವುದು ಹತ್ತಕ್ಕೆ. ಗುಮಾಸ್ತರೆಲ್ಲ ಮನೆಗೆ ಹೋಗಿ ಊಟ ಮಾಡಿ ಮಲಗಿದ ಮೇಲೂ ನಾನು ಮತ್ತು ಟಿಟ್ಟಿಭ ಹಕ್ಕಿ ಡ್ಯೂಟಿಯಲ್ಲೇ ಇರಬೇಕು.

"ಆರು ಗಂಟೆಗೆ ತೆಗೆಯೋದಿಲ್ವಾ?" ಅಂತ ಗೇಟಿನಲ್ಲಿದ್ದ ಹಿರಿಯರನ್ನು ಕೇಳಿದೆ.

"ಕೀಲಿ ಸಾಹೇಬ್ರ ಹತ್ರ ಅದರಿ ಸರ."

"ಸಾಹೇಬರು ಎಷ್ಟಕ್ಕೆ ಬರ್ತಾರೆ?"

"ಬರೋ ಟೈಮಿಗಿ ಬರ್ತಾರ್ರಿ." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ಹಕ್ಕಿ ಎಲ್ಲಿ ಹೋಗ್ತಾವ್ರಿ, ಇಲ್ಲೇ ಇರ್ತಾವ. ಚಾ ಕುಡದು ಬರ್ರಿ."

ಟಿಕೆಟ್ ಕೌಂಟರಿನಲ್ಲಿ ಇನ್ನೊಂದು ಸಮಸ್ಯೆ. ರೇಟಿನ ಪಟ್ಟಿಯಲ್ಲಿ ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕ್ಯಾಮೆರಾಕ್ಕೆ ಇಷ್ಟು, ಪ್ರೀ ವೆಡ್ಡಿಂಗ್ ಶೂಟಿಂಗಿಗೆ ಇಷ್ಟು ಅಂತ ಬರೆದಿದ್ದಾರೆ. ದುರ್ಬೀನಿಗೆ ಏನೂ ಬರೆದಿಲ್ಲ. ಪಕ್ಷಿವನಕ್ಕೆ ಯಾರಾದರೂ ದುರ್ಬೀನು ತಂದಾರು ಅಂತ ಪಟ್ಟಿ ಮಾಡಿದವರಿಗೆ ಅನಿಸಿಯೇ ಇಲ್ಲ. ಕೌಂಟರಿನ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದರಾಗ ವಿಡಿಯೋ ಬರ್ತದೇನ್ರಿ?" ಬರಲ್ಲ ಅಂದೆ. "ಮತ್ತ ಏನ್ ಬರ್ತದ?" ಅಂದ. ಕಡೆಗೆ ಕ್ಯಾಮೆರಾ ಲೆಕ್ಕದಲ್ಲೇ ಚೀಟಿ ಹರಿದ.

ದುರ್ಬೀನಿನ ಮಾತು ಬಂತಲ್ಲ, ಒಂದಿಷ್ಟು ಹೇಳಿಬಿಡುತ್ತೇನೆ. ಊರ ಸುತ್ತಮುತ್ತ ಅದನ್ನು ಕೊರಳಿಗೆ ಹಾಕಿಕೊಂಡು ನಿಂತರೆ ಐದು ನಿಮಿಷದಲ್ಲಿ ಒಂದು ಬೈಕು ಬಂದು ನಿಲ್ಲುತ್ತದೆ. "ಯಾವ ಸರ್ವೆ ನಂಬರ್ರಿ ಸರ?" ಹಕ್ಕಿ ನೋಡುತ್ತಿದ್ದೇನೆ ಅಂದರೆ ನಂಬುವುದಿಲ್ಲ. ನಗುತ್ತಾರೆ, ದೊಡ್ಡ ಮಂದಿ ಬಾಯಿ ಬಿಡುವುದಿಲ್ಲ ಅಂದುಕೊಳ್ಳುತ್ತಾರೆ. "ಎನ್‌ಎ ಆಗ್ಯಾದೇನ್ರಿ? ರಿಂಗ್ ರೋಡ್ ಈ ಕಡಿಂದೇ ಬರ್ತದಂತ ಹೌದಾ?" ಒಮ್ಮೆ ಹೊಲದ ಬದುವಿನ ಮೇಲೆ ನಿಂತು ಕರೆಂಟ್ ತಂತಿಯ ಮೇಲಿನ ನೀಲಕಂಠ ನೋಡುತ್ತಿದ್ದೆ. ನೀಲಕಂಠ ಅಂದರೆ ನಮ್ಮ ರಾಜ್ಯಪಕ್ಷಿ. ಅದು ಕೆಳಗೆ ಹಾರಿ ಮಿಡತೆ ಹಿಡಿಯಿತು. ರೆಕ್ಕೆ ಬಿಚ್ಚಿದಾಗ ಆ ನೀಲಿ ನೋಡಬೇಕು! ಹೊಲದ ಯಜಮಾನರು ಅದನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ಹತ್ತಿರ ಬಂದು, "ಎಕರೆಕ್ಕ ಎಷ್ಟಂತ ಮಾತಾಡ್ಯಾರ್ರಿ?" ಅಂದರು. ಅವರನ್ನು ಅಂದು ಪ್ರಯೋಜನವಿಲ್ಲ. ಈ ಕಡೆ ಬಯಲನ್ನು ಕಣ್ಣಿಟ್ಟು ನೋಡುವವನು ಒಂದು ಪೊಲೀಸಿನವನು, ಇಲ್ಲಾ ಪ್ಲಾಟಿನವನು. ಮೂರನೇ ನಮೂನೆಯ ಮನುಷ್ಯನನ್ನು ಅವರು ಕಂಡಿಲ್ಲ.

ಇರಲಿ, ಒಳಗೆ ಹೋಗೋಣ.

ಒಳಗೆ ಎಲ್ಲ ಚೊಕ್ಕ. ಮೊದಲು ಇಲ್ಲಿ ಕುರುಚಲು ಕಾಡಿತ್ತು. ಜಾಲಿ, ಬಾರಿ ಗಿಡ, ಬೇವು, ಸೀತಾಫಲ, ಅಲ್ಲಲ್ಲಿ ಮುತ್ತುಗ, ನಡುವೆ ಗರಸು ನೆಲ. ಈಗ ಕೆಂಪು ಹಳದಿ ಪೇವರ್ಸ್ ಹಾಸಿದ್ದಾರೆ. ಕಾಲಿಗೆ ಮಣ್ಣು ತಾಗದೆ ಟ್ರೆಕ್ಕಿಂಗ್ ಮಾಡಬಹುದು. ಇದಕ್ಕೆ 'ನೇಚರ್ ಟ್ರೇಲ್' ಅಂತ ಕಮಾನು. ಹನ್ನೊಂದು ಗಂಟೆಗೆ ಆ ಪೇವರ್ಸ್ ಮೇಲೆ ಜೋಳದ ರೊಟ್ಟಿ ಬೇಯಿಸಬಹುದು, ಹಂಚು ಬೇಕಾಗಿಲ್ಲ.

ಆ ಗರಸು ನೆಲ ಟಿಟ್ಟಿಭದ ಹೆರಿಗೆ ಕೋಣೆಯಾಗಿತ್ತು. ಅದು ಗೂಡು ಕಟ್ಟುವ ಹಕ್ಕಿಯಲ್ಲ. ಬಯಲಲ್ಲಿ ಒಂದು ತಗ್ಗು ಕೆರೆದು, ಸುತ್ತ ಹರಳು ಜೋಡಿಸಿ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಪೂರಾ ಕಲ್ಲಿನದೇ, ಮೇಲೆ ಕಪ್ಪು ಮಚ್ಚೆ. ಎದುರಿಗೇ ಇದ್ದರೂ ಕಾಣುವುದಿಲ್ಲ. ಬೇಸಿಗೆ ನಡುವೆಯೇ ಕಾವು ಕೂರಬೇಕಲ್ಲ, ಅದಕ್ಕೆ ಒಂದು ಉಪಾಯ ಮಾಡುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಕಲಬುರಗಿಯ ಬಿಸಿಲನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ನಿಭಾಯಿಸಿದವರು ಇನ್ನೊಬ್ಬರಿಲ್ಲ. ಆ ನೆಲದ ಮೇಲೆ ಜೆಸಿಬಿ ಓಡಿಸಿ ಸಮ ಮಾಡಿದರು. ಅಲ್ಲೇ ಇದ್ದ ನೀರಿನ ಕುಂಟೆಯ ದಂಡೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಬಾತುಕೋಳಿ ಆಕಾರದ ಪೆಡಲ್ ಬೋಟ್ ಬಿಟ್ಟರು. ಈಗ ಆ ಕುಂಟೆಯಲ್ಲಿ ನೀರಹಕ್ಕಿ ಅಂದರೆ ಆ ಬೋಟುಗಳೇ.

ಹಾಗಂತ ಹಕ್ಕಿಗೆ ಬರವಿಲ್ಲ. ಸಿಮೆಂಟಿನವು ಬೇಕಾದಷ್ಟಿವೆ. ತುಟಿಗೆ ಹಚ್ಚುವ ಗುಲಾಬಿ ಬಣ್ಣದ ರಾಜಹಂಸ ಇದೆ, ಒಂಟಿ ಕಾಲಿನ ಸಿಮೆಂಟು ಉದುರಿ ಒಳಗಿನ ಸರಳು ಕಾಣುತ್ತಿದೆ. ಗಿಳಿಯಷ್ಟೇ ಗಾತ್ರದ ಹದ್ದಿದೆ. ಹದ್ದಿನಷ್ಟೇ ಗಾತ್ರದ ಗುಬ್ಬಿಯಿದೆ. ಎಲ್ಲಕ್ಕಿಂತ ನನಗೆ ಪ್ರೀತಿ ಪೆಂಗ್ವಿನ್ ಮೇಲೆ. ನಮ್ಮ ದೇಶದ ಪಾರ್ಕುಗಳಲ್ಲಿ ಬಾಯಿ ತೆರೆದು ಕಸ ಬೇಡುವ ಆ ಪೆಂಗ್ವಿನ್ ಇಲ್ಲಿಗೂ ಬಂದಿದೆ. ದಕ್ಷಿಣ ಧ್ರುವದ ಮಂಜಿನಲ್ಲಿ ನಿಲ್ಲಬೇಕಾದ ಜೀವ 44 ಡಿಗ್ರಿಯಲ್ಲಿ ಗುಟ್ಕಾ ಚೀಟಿ ತಿನ್ನುತ್ತಾ ನಿಂತಿದೆ. ಒಬ್ಬ ಹುಡುಗ ಅಪ್ಪನನ್ನು ಕೇಳಿದ, "ಪಪ್ಪಾ, ಇದು ನಮ್ಮ ಕಡಿ ಹಕ್ಕೇನು?" ಅಪ್ಪ ಮೊಬೈಲಿನಿಂದ ತಲೆ ಎತ್ತದೆ ಹೂಂ ಅಂದರು. ಪಕ್ಕದಲ್ಲೇ ಬಾರಿ ಗಿಡದಲ್ಲಿ ಒಂದು ಪಿಕಳಾರ ಜೋಡಿ ಕೂತಿತ್ತು. ಅದರ ಹತ್ತಿರ ಬೋರ್ಡು ಇರಲಿಲ್ಲ, ಪಾಪ.

ಧ್ವನಿವ್ಯವಸ್ಥೆಯೂ ಇದೆ. ಬಂಡೆಯ ಆಕಾರದ ಸ್ಪೀಕರುಗಳಿಂದ ದಿನವಿಡೀ ಹಕ್ಕಿಯ ಕೂಗು ಹಾಕುತ್ತಾರೆ. ಅದರಲ್ಲಿ ಕೋಗಿಲೆಯ ದನಿಯೂ ಬರುತ್ತದೆ. ಬೇವಿನ ಮರದಲ್ಲಿದ್ದ ಒಂದು ನಿಜವಾದ ಕೋಗಿಲೆ ತನ್ನ ಜಾಗಕ್ಕೆ ಇನ್ಯಾರೋ ಗಂಡು ಬಂದಿದ್ದಾನೆ ಅಂತ ಸ್ಪೀಕರಿಗೆ ಉತ್ತರ ಕೊಡುತ್ತಿತ್ತು. ಸ್ಪೀಕರು ಕೂಗುತ್ತದೆ, ಇದು ಕೂಗುತ್ತದೆ. ಇದರ ದನಿ ಏರುತ್ತದೆ, ಸ್ಪೀಕರಿಗೆ ಸುಸ್ತಿಲ್ಲ. ಕಡೆಗೆ ಕರೆಂಟು ಹೋಗಿ ಕೋಗಿಲೆ ಗೆದ್ದಿತು.

ಕುಂಟೆಯ ಮೇಲ್ಗಡೆ ಒಂದು ಒಣಗಿದ ಬೇವಿನ ಮರವಿತ್ತು. ಹಳಬರಿಗೆ ನೆನಪಿರಬಹುದು. ಮರದ ತುಂಬ ಪೊಟರೆ. ಒಂದರಲ್ಲಿ ಹಾಲಕ್ಕಿ ಸಂಸಾರ, ಮೇಲಿನದರಲ್ಲಿ ನೀಲಕಂಠ. ನೀಲಕಂಠ ಮೊಟ್ಟೆ ಇಡುವುದು ಹೆಚ್ಚಾಗಿ ಇಂಥ ಮರದ ಪೊಟರೆಯಲ್ಲೇ. ಆ ಮರ ಕಡಿದಿದ್ದಾರೆ. ಯಾಕೆ ಅಂದರೆ ಒಣಗಿದ್ದು ಚಂದ ಕಾಣುವುದಿಲ್ಲವಂತೆ. ಬುಡದ ಜಾಗದಲ್ಲಿ ಕಟ್ಟೆ ಕಟ್ಟಿ ಸಿಮೆಂಟಿನ ನೀಲಕಂಠ ಕೂರಿಸಿದ್ದಾರೆ, ಕೆಳಗೆ 'ನಮ್ಮ ರಾಜ್ಯಪಕ್ಷಿಯನ್ನು ಉಳಿಸೋಣ' ಅಂತ ಬರೆದಿದ್ದಾರೆ. ಇದಕ್ಕೆ ಏನಂತ ಹಾಸ್ಯ ಮಾಡಲಿ? ಮನೆ ಕೆಡವಿ, ಆ ಜಾಗದಲ್ಲಿ ಮನೆಯವರ ಫೋಟೊ ಹಾಕಿ, ಉಳಿಸೋಣ ಅಂತಾರೆ. ನಾಲ್ಕು ಹಕ್ಕಿ ಗೊತ್ತಿರುವ ಶಾಲೆಯ ಮಾಸ್ತರನ್ನೊಬ್ಬರನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಕೇಳಲಿಲ್ಲ. ಕೇಳುವುದೂ ಇಲ್ಲ. ಬರೆದು ಬರೆದು ನನಗೂ ಬೇಜಾರಾಗಿದೆ.

ಅಸಲು ಸಂಗತಿ ಬೇರೆ ಇದೆ. ಸರ್ಕಾರಿ ಲೆಕ್ಕದಲ್ಲಿ ಕುರುಚಲು ನೆಲ ಅಂದರೆ ಪಾಳುಭೂಮಿ. ದೇಶದ ಪಾಳುಭೂಮಿ ನಕ್ಷೆಯಲ್ಲೇ ಅದಕ್ಕೊಂದು ಕಾಲಂ ಇದೆ. ಎತ್ತರದ ಹಸಿರು ಮರ ಇದ್ದರೆ ಕಾಡು, ಇಲ್ಲದಿದ್ದರೆ ಖಾಲಿ ಜಾಗ. ನಮ್ಮ ಸೀಮೆಯ ಕಾಡು ಇರುವುದೇ ಹೀಗೆ. ಮುಳ್ಳು, ಹುಲ್ಲು, ಕಲ್ಲು. ಇದೇ ಜಿಲ್ಲೆಯ ಚಿಂಚೋಳಿಯಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಮಾಡಿದರು. ಒಣಸೀಮೆಯ ಕಾಡೂ ಕಾಡೇ ಅಂತ ಒಪ್ಪಿದ ಹಾಗಾಯ್ತು ಅಂದುಕೊಂಡಿದ್ದೆವು. ಆ ಮಾತು ಊರಿನ ಪಕ್ಕಕ್ಕೆ ಬರುವಷ್ಟರಲ್ಲಿ ಮರೆತುಹೋಗಿದೆ. ಊರ ಪಕ್ಕದ ತುಂಡು ನೆಲಕ್ಕೆ ಬೇಕಿದ್ದದ್ದು ಒಂದು ಬೇಲಿ, ಒಬ್ಬ ಕಾವಲುಗಾರ, ನಸುಕಿಗೆ ತೆಗೆಯುವ ಗೇಟು. ಉಳಿದಂತೆ ಸುಮ್ನೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಸುಮ್ನೆ ಬಿಡುವುದಕ್ಕೆ ಎಸ್ಟಿಮೇಟ್ ಹಾಕಲು ಬರುವುದಿಲ್ಲ. ಟೆಂಡರ್ ಕರೆಯಲು ಬರುವುದಿಲ್ಲ. ಬಿಲ್ ಅಂತೂ ಆಗುವುದೇ ಇಲ್ಲ. ಯಾವ ಗುತ್ತಿಗೆದಾರ ಏನೂ ಮಾಡದೆ ಇರುವ ಕೆಲಸ ಹಿಡಿಯುತ್ತಾನೆ? ಏನೂ ಮಾಡದೆ ಬಿಲ್ ತೆಗೆದವರು ಇದ್ದಾರೆ, ಅದು ಬೇರೆ ವಿದ್ಯೆ.

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೆ ಹೋದವರಿಗೆ ಗೊತ್ತು. ಸುರಪುರದ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ನೀರು ನಿಂತಿತು, ಹಕ್ಕಿ ಬಂದವು. ಅವಕ್ಕೆ ಯಾರೂ ಆಮಂತ್ರಣ ಪತ್ರಿಕೆ ಕಳಿಸಿರಲಿಲ್ಲ. ಪಟ್ಟೆತಲೆ ಹೆಬ್ಬಾತುಗಳನ್ನೇ ನೋಡಿ. ಹಿಮಾಲಯವನ್ನೇ ದಾಟಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆವರೆಗೂ ಬರುತ್ತವೆ. ಹಿಮಾಲಯದ ಆಚೆಯಿಂದ ಹೊರಟ ಹೆಬ್ಬಾತು ಸೆಲ್ಫಿ ಪಾಯಿಂಟ್ ಇದೆಯಾ ಅಂತ ವಿಚಾರಿಸಿದ ದಾಖಲೆ ಇಲ್ಲ.

ವನದಿಂದ ಹೊರಗೆ ಬಂದಾಗ ಒಂದೆರಡು ಬಿಟ್ಟರೆ ಹಕ್ಕಿಯೇ ಕಾಣಲಿಲ್ಲ ಅಂತ ಗೇಟಿನ ಹಿರಿಯರ ಹತ್ತಿರ ಗೊಣಗಿದೆ. ಅವರು ಆಚೀಚೆ ನೋಡಿ, ಸಾಹೇಬರು ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಕಂಪೌಂಡ್ ಹಿಂದ ಹೋಗ್ರಿ ಸರ. ಎಲ್ಲಾ ಗಟಾರದ ಕಡಿ ಹೋಗ್ಯಾವ," ಅಂದರು.

ಹೋದೆ. ಬಡಾವಣೆಯ ಚರಂಡಿ ನೀರು ಅಲ್ಲೊಂದು ತಗ್ಗಿನಲ್ಲಿ ನಿಂತಿದೆ. ಸುತ್ತ ಆಪು, ಜಾಲಿ, ಪ್ಲಾಸ್ಟಿಕ್. ಮೂಗು ಬಿಟ್ಟರೆ ಉಳಿದ ಇಂದ್ರಿಯಗಳಿಗೆಲ್ಲ ಹಬ್ಬ. ಕೆಂಪು ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು, ನಾಮದ ಕೋಳಿ, ಬೆಳ್ಳಕ್ಕಿ, ತಂತಿಯ ಮೇಲೆ ಕಾಜಾಣ, ಆಚೆ ದಿಬ್ಬದಲ್ಲಿ ನನ್ನನ್ನು ಕಂಡು ಬೈಯುತ್ತಿದ್ದ ಟಿಟ್ಟಿಭ. ಟಿಕೆಟ್ ಇಲ್ಲ, ಗೇಟಿಲ್ಲ, ಸೋಮವಾರ ರಜೆಯಿಲ್ಲ. ಈಗ ನಮ್ಮ ಊರಿನ ಪಕ್ಷಿವೀಕ್ಷಣೆ ನಡೆಯುವುದು ಅಲ್ಲೇ, ಕರ್ಚೀಫು ಕಟ್ಟಿಕೊಂಡು.

ಮೊನ್ನೆ ಹೋದಾಗ ಇಬ್ಬರು ಟೇಪು ಹಿಡಿದು ದಂಡೆ ಅಳೆಯುತ್ತಿದ್ದರು. ಪ್ಲಾಟಾ ಅಂತ ಕೇಳಿದೆ.

"ಇಲ್ರಿ ಸರ, ಸೆಕೆಂಡ್ ಫೇಜ್. ವಾಕಿಂಗ್ ಟ್ರ್ಯಾಕ್ ಬರ್ತದ, ಕಾರಂಜಿ ಭೀ ಬರ್ತದ. ನಿಮ್ಮಂಥ ಹಕ್ಕಿ ನೋಡೋರಿಗೇ ಮಾಡ್ಲಿಕ್ಕತ್ತಾರ."