ಕೋಟಿಗೆ ಬಂದ ಶ್ರಾವಣ

ಕಲಬುರಗಿಯವರಿಗೆ ಬೂಷ್ಟು ಅಂದರೆ ಉಪ್ಪಿನಕಾಯಿ ಭರಣಿಗೆ ಬರುವಂಥದ್ದು. ಗೋಡೆಗೆ ಬೂಷ್ಟು ಬರಬೇಕಾದರೆ ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಮನೆ ಕಟ್ಟಿರಬೇಕು ಎಂದೇ ನಂಬಿದ್ದೆ. ಬೇಸಿಗೆಯಲ್ಲಿ 42, 43 ಡಿಗ್ರಿ ಕಾಯುವ ಊರು ನಮ್ಮದು. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಹಪ್ಪಳವಾಗಿರುತ್ತದೆ.

ಆ ನಂಬಿಕೆ ಮುರಿದದ್ದು ಸೆಪ್ಟೆಂಬರ್ 16ರ ರಾತ್ರಿ. ಮರುದಿನ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆಂದು ಮದುವೆಯ ಕರಿ ಕೋಟು ತೆಗೆಯಲು ಅಲಮಾರಿ ತೆರೆದೆ. ಕೋಟು ಹೆಗಲಿಗೆ ವಿಭೂತಿ ಬಳಿದುಕೊಂಡು, ಕಿಸೆಯ ಮೇಲೆ ಹಸಿರು ಚುಕ್ಕೆ ಇಟ್ಟುಕೊಂಡು ನೇತಾಡುತ್ತಿತ್ತು. ಬುದ್ಧಿಯಿದ್ದವರು ಅದನ್ನು ಅಂಗಳಕ್ಕೆ ಒಯ್ದು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ನಾನು ಅಲ್ಲೇ, ಫ್ಯಾನಿನ ಕೆಳಗೇ, ಝಾಡಿಸಿದೆ. ಆಮೇಲೆ ಹದಿನೇಳು ಸೀನು. ಎಣಿಸಿದ್ದು ಹೆಂಡತಿ.

"ಸೀನೋದು ಆಮ್ಯಾಲ ಮಾಡ್ರಿ, ಮೊದ್ಲ ಗ್ವಾಡಿ ನೋಡ್ರಿ," ಎಂದಳು.

ಅಲಮಾರಿ ಸರಿಸಿದರೆ ಹಿಂದೆ ದೊಡ್ಡ ನಕಾಶೆ. ಮೇಲೆ ಬೀದರ್, ಕೆಳಗೆ ಯಾದಗಿರಿ, ಭೀಮೆಯಂಥ ಒಂದು ಗೆರೆ ಬೇರೆ. ಮರುದಿನ ಬರೀ ಅಂಗಿಯಲ್ಲೇ ಧ್ವಜಕ್ಕೆ ಸೆಲ್ಯೂಟ್ ಹೊಡೆದೆ.

ಗೌಂಡಿ ಬಂದ. ಡಾಕ್ಟರರು ಎದೆ ಬಡಿದು ನೋಡುವಂತೆ ಗೋಡೆ ಬಡಿದ. "ಎರಿ ಭೂಮಿ ಅದ ಸಾಹೇಬ್ರ. ಮಳಿಗಿ ಉಬ್ತದ, ಬ್ಯಾಸಗಿಗಿ ಬಿರಿತದ. ಪಾಯಾದಿಂದ ನೀರ್ ಏರ್ಲಾಕತ್ತದ. ಪ್ಲಾಸ್ಟರ್ ಪೂರಾ ಕೆತ್ತಬೇಕು." ಪೇಂಟರ್ ಬಂದು, ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಮುಚ್ಚಿ ಹೋಗ್ತದ ಎಂದ. ಮುಚ್ಚುವುದೇನೋ ಖರೆ, ಕಂಬಳಿ ಹೊದೆಸಿದರೆ ಜ್ವರ ಹೋಗುತ್ತದೆಯೇ?

ನನ್ನ ಗುಮಾನಿ ಬೇರೆಯೇ ಇತ್ತು. ಆ ಗೋಡೆಯಾಚೆ ಒಂದು ಮೊಳ ಸಂದಿ, ಸಂದಿಯಾಚೆ ಪಕ್ಕದ ಮನೆ ಕಾಕಾರ ಬಚ್ಚಲ ಪೈಪು.

"ಕಾಕಾ, ನಿಮ್ಮ ಪೈಪ್ ಸೋರ್ಲಾಕತ್ತದ."

"ಹೊಸಾ ಪೈಪ್ ಹಾಕ್ಸಿ ವರ್ಷ ಆಗಿಲ್ಲ. ನಿಮ್ ಗ್ವಾಡಿಗಿ ಹೊಟ್ಟಿಕಿಚ್ಚು!"

ಅಲ್ಲಿಂದ ಮಾತು ಬಂದ್. ಅವರ ಮನೆಯ ಶೇಂಗಾ ಹೋಳಿಗೆಯೂ ಬಂದ್. ಮಾತಿಗಿಂತ ಅದೇ ಹೆಚ್ಚು ಕಾಡಿತು.

ಪಿಯುಸಿ ಸೈನ್ಸ್ ಓದುವ ಮಗಳು ಗೋಡೆಯ ಒಂದು ತುಂಡನ್ನು ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಬಡಿದಳು. "ಹಾಳಿ ಹಿಂದ ನೀರ್ ಬಂದ್ರ ಗ್ವಾಡಿದು ತಪ್ಪು. ಮುಂದ ಬಂದ್ರ ನಮ್ದು." ಎರಡು ದಿನ ರಿಸಲ್ಟ್ ಕಾಯುವವನಂತೆ ಕಾದೆ. ಮೂರನೆಯ ಬೆಳಿಗ್ಗೆ ನೋಡಿದರೆ ಹಿಂದೆ ಒಣ ಒಣ, ಮುಂದೆ ಮುತ್ತಿನಂಥ ಹನಿ.

ಮಗಳು ಮಾತಾಡಲಿಲ್ಲ. ಮೂಲೆಯತ್ತ ಬೆರಳು ತೋರಿಸಿದಳು. ಅಲ್ಲಿ ಕೂಲರ್ ಗುರ್ರೆನ್ನುತ್ತಿತ್ತು.

ಏಪ್ರಿಲ್‌ನ ಒಣ ಗಾಳಿ ಕೂಲರಿನ ನೀರು ಕುಡಿದು ತಂಪಾಗುತ್ತದೆ. ಮಳೆಗಾಲದ ಗಾಳಿಗೆ ಆಗಲೇ ಹೊಟ್ಟೆ ತುಂಬಿರುತ್ತದೆ. ಮತ್ತೆ ಕುಡಿಸಿದರೆ ತಣ್ಣಗಿನ ಗೋಡೆ ಸಿಕ್ಕಲ್ಲಿ, ಅದರಲ್ಲೂ ಗಾಳಿಯಾಡದ ಅಲಮಾರಿ ಹಿಂದೆ, ಕಕ್ಕುತ್ತದೆ. ಸೊಳ್ಳೆಗೆ ಹೆದರಿ ಕಿಟಕಿಯನ್ನೂ ನಾನೇ ಮುಚ್ಚಿಟ್ಟಿದ್ದೆ. ದಿನಾ 15 ಲೀಟರಿನ ಒಂದು ಬಕೆಟ್, ಜೂನ್‌ನಿಂದ ಸುಮಾರು 90 ದಿನ.

"1350 ಲೀಟರ್, ಪಪ್ಪಾ."

ಮೇ ತಿಂಗಳಲ್ಲಿ ಟ್ಯಾಂಕರಿನ ಮುಂದೆ ನಾಲ್ಕು ಕೊಡಕ್ಕಾಗಿ ಅಂಗಿ ಹರಿದುಕೊಂಡ ಮನುಷ್ಯ ನಾನು. ಕಾಲು ಟ್ಯಾಂಕರ್ ನೀರನ್ನು ಗಾಳಿಗೆ ಕುಡಿಸಿ, ಕೋಟಿನ ಮೇಲೆ ಬೂಷ್ಟು ಬೆಳೆದಿದ್ದೆ.

ಕೂಲರ್ ಬಂದಾಯಿತು. ಅಲಮಾರಿ ಗೇಣು ಮುಂದೆ ಬಂತು. ಕಿಟಕಿ ತೆರೆದು, ಬ್ಲೀಚಿಂಗ್ ನೀರಿನಿಂದ ಗೋಡೆ ಒರೆಸಿದ್ದಾಯಿತು. ಉಳಿದದ್ದು ಕಾಕಾ. ಅರ್ಧ ಕಿಲೋ ಮಾಲಪುರಿ ಕಟ್ಟಿಸಿಕೊಂಡು ಹೋದೆ.

"ಬಾರಪ್ಪಾ, ಕೂಲರ್ ಮುಂದ ಕೂಡು," ಎಂದರು ಕಾಕಾ. ಮನೆಯ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಕ್ಯಾಲೆಂಡರಿನ ಹಿಂದಿನಿಂದ ನನಗೆ ಚೆನ್ನಾಗಿ ಗುರುತಿದ್ದ ಬೀದರ್ ಜಿಲ್ಲೆ ಇಣುಕುತ್ತಿತ್ತು.

ಕಾಕಾ ಮಾಲಪುರಿ ಬಾಯಿಗಿಟ್ಟುಕೊಂಡು ಗೋಡೆಯತ್ತ ನೋಡಿದರು, ಆಮೇಲೆ ನನ್ನತ್ತ.

"ಸಿಟ್ಟಾಗಬ್ಯಾಡ. ನಿಮ್ ಬಚ್ಚಲ ಪೈಪ್ ಒಮ್ಮಿ ಯಾರಿಗರೆ ತೋರ್ಸು."