ಸುಟ್ಟ ಹೀಟರ್ ಕಾಯಿಲ್ ಗುಜರಿಗೆ ಹಾಕ್ಬೇಡಿ

ಕರೆಂಟ್ ಸಾಮಾನಿಂದ ಯಾರಿಗಾದ್ರೂ ಏಟಾದ್ರೆ ಇಲ್ಲಿ ಇಂಗ್ಲೆಂಡಲ್ಲಿ ಜನ ಮೊದಲು ಕೇಳೋದು "ಇದನ್ನ ಮಾಡಿದ ಕಂಪನಿ ಯಾವ್ದು" ಅಂತ. ನಮ್ಮೂರಲ್ಲಿ ಕೇಳೋದು "ನೀನ್ಯಾಕೆ ಒದ್ದೆ ಕೈಯಲ್ಲಿ ಮುಟ್ಟೋಕೆ ಹೋದೆ" ಅಂತ. ಏಟು ತಿಂದವರದ್ದೇ ತಪ್ಪು ಅನ್ನೋ ಈ ಮಾತು ಕೇಳಿದಾಗೆಲ್ಲಾ ನಂಗೆ ಸಂಕಟ ಆಗುತ್ತೆ.

ಅರಸೀಕೆರೆಲಿ ನಮ್ಮ ಚಿಕ್ಕಪ್ಪ ಬಕೆಟ್ಟಿಗೆ ಹಾಕೋ ಹೀಟರ್ ಕಾಯಿಲ್ ಹೊಸದು ತಂದಿದ್ರು. ಕೆಲವೇ ದಿನದಲ್ಲಿ ಅದರ ಪ್ಲಾಸ್ಟಿಕ್ ಹಿಡಿ ಸೀಳು ಬಿಟ್ಟು ಒಳಗಿನ ವೈರ್ ಕೈಗೆ ತಾಗಿ, ಶಾಕ್ ಹೊಡೆದು, ಅಂಗೈ ಸುಟ್ಟು, ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ಆಸ್ಪತ್ರೆ ಖರ್ಚೆಲ್ಲಾ ಕೈಯಿಂದಾನೇ ಹೋಯ್ತು. ಅಂಗಡಿಯವರು ಕೇಳಿದ ತಕ್ಷಣ ಬೇರೆ ಕಾಯಿಲ್ ಕೊಟ್ರು, ಮನೆಯವರಿಗೆ ಅಷ್ಟಕ್ಕೇ ಸಮಾಧಾನ ಆಗೋಯ್ತು, ಗ್ರಹಚಾರ, ಜೀವ ಉಳೀತಲ್ಲ ಅಂದ್ರು. ಹಳೇದು ಗುಜರಿಗೆ ಹೋಯ್ತು. ಅದರ ಜೊತೆಗೇ ಸಾಕ್ಷೀನೂ ಹೋಯ್ತು.

ಇಲ್ಲಿ ನನ್ನ ಜೊತೆ ಕೆಲಸ ಮಾಡೋ ಒಬ್ರಿಗೆ ಕೆಟಲ್ ಹಿಡಿ ಕಳಚ್ಕೊಂಡು ಕುದಿಯೋ ನೀರು ತೊಡೆ ಮೇಲೆ ಬಿತ್ತು. ಅವರು ಆ ಕೆಟಲ್ ತೊಳೀಲೂ ಇಲ್ಲ, ಮುರಿದ ಚೂರೂ ಸೇರಿಸಿ ಡಬ್ಬಿಗೆ ಹಾಕಿಟ್ರು, ಗಾಯದ ಫೋಟೋ ತೆಗೆದ್ರು, ಡಾಕ್ಟರ್ ಹತ್ರ ಹೋಗಿ ಹೆಂಗಾಯ್ತು ಅಂತ ದಾಖಲೆಲಿ ಬರೆಸಿದ್ರು, ಆಮೇಲೆ ಅಂಗಡಿಗೆ ಇಮೇಲ್ ಹಾಕಿದ್ರು. ಅಂಗಡಿ ಕಡೆಯಿಂದ ಕೆಟಲ್ ವಾಪಸ್ ಕಳ್ಸಿ ಅಂದಾಗ ಕಳಿಸ್ಲಿಲ್ಲ, ಬೇಕಾದ್ರೆ ನೀವೇ ಬಂದು ನೋಡಿ ಅಂದ್ರು. ಕೊನೆಗೆ ಕಂಪನಿಯ ಇನ್ಶೂರೆನ್ಸ್‌ನವರು ಪರಿಹಾರ ಕೊಟ್ರು.

ದೋಷ ಇರೋ ಸಾಮಾನಿಂದ ಗಾಯ ಆದ್ರೆ ಪರಿಹಾರ ಕೊಡಿಸೋ ಇಲ್ಲಿನ ಕಾನೂನು 1987ರದ್ದು. ಕಂಪನಿ ಅಜಾಗರೂಕತೆಯಿಂದ ಮಾಡ್ತು ಅಂತ ಸಾಬೀತು ಮಾಡೋ ಕಷ್ಟ ನಮಗಿಲ್ಲ, ಸಾಮಾನಲ್ಲಿ ದೋಷ ಇತ್ತು, ಅದರಿಂದ ಗಾಯ ಆಯ್ತು, ಇವೆರಡು ತೋರಿಸಿದ್ರೆ ಆಯ್ತು. ತಯಾರಕರು ಚೀನಾದಲ್ಲಿದ್ರೆ ಹೊರದೇಶದಿಂದ ತರಿಸಿದವರು ಹೊಣೆ, ತಮ್ಮ ಹೆಸರು ಹಾಕ್ಕೊಂಡು ಮಾರಿದ ಸೂಪರ್‌ಮಾರ್ಕೆಟ್ಟೂ ಹೊಣೆ. ಗಾಯ ಆದ ಮೂರು ವರ್ಷದೊಳಗೆ ಕೇಳ್ಬೇಕು. ಹಂಗಂತ ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತಲ್ಲ. ವರ್ಲ್‌ಪೂಲ್ ಕಂಪನಿಯ ಬಟ್ಟೆ ಒಣಗಿಸೋ ಮೆಷಿನ್‌ಗಳಿಗೆ ಬೆಂಕಿ ಹತ್ತೋ ಅಪಾಯ ಇದೆ ಅಂತ 2015ರಲ್ಲೇ ಎಚ್ಚರಿಕೆ ಬಂದಿತ್ತು, ರಿಪೇರಿ ಆಗದೆ ಉಳಿದವನ್ನ ವಾಪಸ್ ತಗೊಳ್ಳೋಕೆ ಶುರು ಆಗಿದ್ದು 2019ರಲ್ಲಿ. ಲಾಯರ್‌ಗಳು ಗೆದ್ರೆ ಮಾತ್ರ ಫೀಸು ಅಂತಾರೆ, ಗೆದ್ದ ಮೇಲೆ ಪರಿಹಾರದಲ್ಲಿ ಕಾಲು ಭಾಗದವರೆಗೂ ಹಿಡ್ಕೊಬಹುದು.

ಆದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಏನಂದ್ರೆ, ನಮ್ಮಲ್ಲಿ ಕಾನೂನು ಇಲ್ದೇ ಇದ್ದಿದ್ರೆ ಬೇರೆ ಮಾತು, ಇದೆ, ಕೆಲವು ವಿಷಯದಲ್ಲಿ ಇಲ್ಲಿಗಿಂತ ಚೆನ್ನಾಗೇ ಇದೆ. 1986ರ ಗ್ರಾಹಕ ಕಾಯ್ದೆಲಿ ಗಾಯಕ್ಕೆ ಪರಿಹಾರ ಬೇಕಂದ್ರೆ ನಿರ್ಲಕ್ಷ್ಯ ತೋರಿಸ್ಬೇಕಿತ್ತು. 2019ರ ಹೊಸ ಕಾಯ್ದೆಲಿ, ಅದು ಜಾರಿಗೆ ಬಂದಿದ್ದು 2020ರ ಜುಲೈಲಿ, ದೋಷದ ಸಾಮಾನಿಂದ ಆದ ಗಾಯಕ್ಕೇ ಅಂತ ಒಂದು ಅಧ್ಯಾಯ ಇದೆ. ತಯಾರಿಕೆಲಿ ದೋಷ, ಡಿಸೈನಲ್ಲಿ ದೋಷ, ಹೆಂಗೆ ಬಳಸ್ಬೇಕು ಅಂತ ಸರಿಯಾಗಿ ಹೇಳ್ದೇ ಇರೋದು, ಯಾವುದಾದ್ರೂ ಒಂದಿದ್ರೂ ಕಂಪನಿ ಹೊಣೆ. ಈ ಕೊನೇದನ್ನ ಯಾರಾದ್ರೂ ಗಟ್ಟಿಯಾಗಿ ಹಿಡೀಬೇಕು ಅನ್ನೋದು ನನ್ನ ಆಸೆ, ಇಂಗ್ಲಿಷ್ ಹಿಂದಿಲಿ ಮಾತ್ರ ಚೀಟಿ ಇಟ್ಟು ಅರಸೀಕೆರೆಲಿ ಕಾಯಿಲ್ ಮಾರೋದು ನನ್ನ ಪ್ರಕಾರ ಸೂಚನೆ ಕೊಡದೆ ಮಾರಿದ ಹಾಗೇನೇ.

ಗ್ರಾಹಕರ ದೂರು ಕೇಳೋ ಯಾವ ಆಯೋಗಕ್ಕೆ ಹೋಗ್ಬೇಕು ಅನ್ನೋದು ಈಗ ಸಾಮಾನಿಗೆ ಕೊಟ್ಟ ಬೆಲೆ ಮೇಲೆ ನಿಂತಿದೆ, ಹಾಗಾಗಿ ಮಿಕ್ಸಿ, ಗೀಸರ್, ಕಾಯಿಲ್ ಎಲ್ಲಾ ಜಿಲ್ಲಾ ಆಯೋಗಕ್ಕೇ ಬರುತ್ತೆ, ಐದು ಲಕ್ಷದೊಳಗಿನ ಸಾಮಾನಿಗೆ ಫೀಸೂ ಇಲ್ಲ. ಲಾಯರ್ ಇಡ್ಲೇಬೇಕು ಅಂತಿಲ್ಲ. ತಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದ್ರೆ ಚಿಕ್ಕಪ್ಪನಿಗೆ ಹಾಸನ ಸಾಕು, ಕಂಪನಿ ಎಲ್ಲೇ ಇರ್ಲಿ. ಸಾಮಾನನ್ನ ಲ್ಯಾಬಿಗೆ ಕಳ್ಸಿ ಪರೀಕ್ಷೆ ಮಾಡ್ಸೋ ಅಧಿಕಾರಾನೂ ಆಯೋಗಕ್ಕಿದೆ. ಆದ್ರೆ ಸಾಮಾನೇ ಗುಜರಿಲಿದ್ರೆ ಏನನ್ನ ಕಳಿಸ್ತಾರೆ? ಕೇಸು ಎಳೆಯುತ್ತೆ, ನಿಜ. ಪರೀಕ್ಷೆ ಬೇಕಿದ್ರೆ ಐದು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೆ ಹೇಳುತ್ತೆ, ನಡೆಯೋದು ಹಂಗಲ್ಲ ಅಂತ ಎಲ್ರಿಗೂ ಗೊತ್ತು. ಆದ್ರೂ ಕೇಳೋರೇ ಇಲ್ದೇ ಇದ್ರೆ ಕಂಪನಿಗೆ ಹಿಡಿಯ ಪ್ಲಾಸ್ಟಿಕ್ ದಪ್ಪ ಮಾಡೋಕೆ ಏನು ಕಾರಣ ಇರುತ್ತೆ ಹೇಳಿ.

ನಮ್ಮಂಥ ಹೊರಗಿರೋರಿಗೆ ಇನ್ನೊಂದು ಮಾತು. ಅಪ್ಪ ಅಮ್ಮನಿಗೆ ಅಂತ ನಾವಿಲ್ಲಿಂದಾನೇ ಆನ್‌ಲೈನಲ್ಲಿ ಗೀಸರ್, ಇಂಡಕ್ಷನ್ ಸ್ಟವ್ ಎಲ್ಲಾ ಆರ್ಡರ್ ಮಾಡ್ತೀವಿ, ಬಿಲ್ ನಮ್ಮ ಹೆಸರಲ್ಲಿರುತ್ತೆ. ಪರವಾಗಿಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸೋರೂ ಗ್ರಾಹಕರೇ ಅಂತ ಕಾಯ್ದೆಲಿದೆ, ಏಟಾದ್ರೆ ಅವರೇ ದೂರು ಕೊಡಬಹುದು. ಬಿಲ್ ಮಾತ್ರ ಅಪ್ಪನ ವಾಟ್ಸಾಪಿಗೆ ಹಾಕಿಡಿ. ಐಎಸ್‌ಐ ಮಾರ್ಕಿನ ಜೊತೆ ಇರೋ ಲೈಸೆನ್ಸ್ ನಂಬರ್ ಅಸಲಿಯಾ ಅಂತ ಆ ಮಾರ್ಕ್ ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್‌ನ "ಬಿಐಎಸ್ ಕೇರ್" ಆಪಲ್ಲಿ ನೋಡಿ. ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಹಾಕ್ಸಿ, ಪರಿಹಾರಕ್ಕಿಂತ ಜೀವ ಮುಖ್ಯ ಅಲ್ವಾ.

ಸೂಟ್‌ಕೇಸಲ್ಲಿ ತರೋ ಸಾಮಾನಿನ ಕಥೆ ಬೇರೆ. ಊರಿಂದ ತಂದ ಮಿಕ್ಸಿ ಇಲ್ಲೂ ಓಡುತ್ತೆ, ಎರಡೂ ಕಡೆ 230 ವೋಲ್ಟೇ. ಆದ್ರೆ ಇಲ್ಲಿನ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತೆ, ನಮ್ಮ ದುಂಡು ಪಿನ್ನಿನ ಪ್ಲಗ್ಗಲ್ಲಿ ಇರಲ್ಲ. ಆ ಮಿಕ್ಸಿಯಿಂದ ಇಲ್ಲಿ ಯಾರಿಗಾದ್ರೂ ಏಟಾದ್ರೆ, ಅದನ್ನ ಈ ದೇಶಕ್ಕೆ ವ್ಯಾಪಾರಕ್ಕೆ ಅಂತ ತರಿಸಿದವರು ಯಾರೂ ಇರಲ್ಲ, ಕೇಳೋದಾದ್ರೆ ಊರಿನ ಕಂಪನಿಯನ್ನೇ ಕೇಳ್ಬೇಕು. ಇಲ್ಲಿಂದ ತಂಗಿಗೆ ಅಂತ ತಗೊಂಡ್ಹೋಗೋ ಹೇರ್ ಡ್ರೈಯರ್‌ಗೂ ಇದೇ ಪಾಡು. ದಯವಿಟ್ಟು ಅಂಥದ್ದನ್ನ ಊರಲ್ಲೇ, ಬಿಲ್ ಹಾಕಿಸಿ ಕೊಡ್ಸಿ.

ಗಾಯ ಆಗಿ ಎರಡು ವರ್ಷದೊಳಗಿದ್ರೆ ನಮ್ಮ ಜಿಲ್ಲಾ ಆಯೋಗಕ್ಕೆ ಈಗ್ಲೂ ಹೋಗಬಹುದು. ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.