‘ಎಂಸಿಇ=ಆಫ್ ಹಾಕಿ’ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ

ಈಗಷ್ಟೇ ಒಂದು ಲಿನಕ್ಸ್ ಗುಂಪಿನಲ್ಲಿ ನೋಡಿದೆ. ಸರ್ವರ್ ಲಾಗ್‌ನಲ್ಲಿ ‘ಮಶೀನ್ ಚೆಕ್ ಈವೆಂಟ್ಸ್ ಲಾಗ್ಡ್’ (ಹಾರ್ಡ್‌ವೇರ್ ತಪ್ಪು ದಾಖಲಾಗಿದೆ) ಅಂತ ಪದೇ ಪದೇ ಬರ್ತಿದೆ, ಏನು ಮಾಡಲಿ ಅಂತ ಯಾರೋ ಕೇಳಿದ್ದಾರೆ. ಮೊದಲ ಉತ್ತರವೇ ‘ಗ್ರಬ್‌ನಲ್ಲಿ ಎಂಸಿಇ=ಆಫ್ ಹಾಕಿ, ಹೋಗುತ್ತೆ’ (ಗ್ರಬ್ ಅಂದ್ರೆ ಲಿನಕ್ಸನ್ನು ಶುರುಮಾಡೋ ಬೂಟ್ ಲೋಡರ್, ಎಂಸಿಇ=ಆಫ್ ಅಂದ್ರೆ ಮಶೀನ್ ಚೆಕ್ಕನ್ನೇ ಆರಿಸೋ ಬೂಟ್ ಆಯ್ಕೆ). ಅದಕ್ಕೆ ಸಾಲುಗಟ್ಟಿ ಲೈಕು. ಮೈಯೆಲ್ಲ ಉರಿದುಹೋಯ್ತು.

ಹೋಗೋದು ಸಂದೇಶ ಮಾತ್ರ, ದೋಷ ಅಲ್ಲೇ ಇರುತ್ತೆ. 1995ರ ಪೆಂಟಿಯಂ ಪ್ರೊ ಕಾಲದಿಂದಲೂ ಪ್ರೊಸೆಸರ್ ತಾನು ಕಂಡ ತಪ್ಪುಗಳನ್ನು ‘ಬ್ಯಾಂಕ್’ ಅನ್ನೋ ರಿಜಿಸ್ಟರ್‌ಗಳಲ್ಲಿ (ತನ್ನೊಳಗಿನ ಪುಟ್ಟ ನೆನಪಿನ ಗೂಡುಗಳಲ್ಲಿ) ಬರೆದಿಡುತ್ತೆ. ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಓದಿ ನಮಗೆ ಹೇಳುತ್ತೆ, ಅಷ್ಟೆ. ಎಂಸಿಇ=ಆಫ್ ಹಾಕಿದರೆ ಸಿಆರ್4 ಅನ್ನೋ ಪ್ರೊಸೆಸರಿನ ನಿಯಂತ್ರಣ ರಿಜಿಸ್ಟರ್‌ನಲ್ಲಿ ಎಂಸಿಇ ಬಿಟ್ಟನ್ನು ಕರ್ನಲ್ ಆನ್ ಮಾಡೋದೇ ಇಲ್ಲ. ಆಮೇಲೆ ದೊಡ್ಡ ತಪ್ಪು ಬಂದರೆ ಪ್ರೊಸೆಸರ್ ನೇರ ಶಟ್‌ಡೌನ್ ಸ್ಥಿತಿಗೆ ಹೋಗಿ ಮಶೀನು ರೀಸೆಟ್ ಆಗುತ್ತೆ. ಕಾರಣ ಹುಡುಕೋಣ ಅಂದ್ರೆ ಲಾಗ್‌ನಲ್ಲಿ ಒಂದಕ್ಷರ ಸಿಗಲ್ಲ.

ಬ್ಯಾಂಕಿನಲ್ಲಿ ಬರೆದಿಡೋ ಸ್ಟೇಟಸ್ ಸಂಖ್ಯೆ (64 ಬಿಟ್‌ನ ಹೆಕ್ಸಾಡೆಸಿಮಲ್ ಸಂಖ್ಯೆ) ಓದೋದು ಕಷ್ಟವೇನಲ್ಲ. ಇಂಟೆಲ್ ಮಶೀನಿನಲ್ಲಿ 8ಸಿ000040 00010090 ಅಂತ ಬಂತು ಅಂದುಕೊಳ್ಳಿ. ಮೊದಲ ಅಂಕಿ 8, ಅಂದ್ರೆ ಆ ಅಂಕಿಯ ನಾಲ್ಕು ಬಿಟ್‌ಗಳಲ್ಲಿ 63ನೇ ಬಿಟ್ ಮಾತ್ರ 1: ದಾಖಲೆ ಸರಿಯಾಗಿದೆ. 61ನೇ ಬಿಟ್ 0, ಅಂದ್ರೆ ತಪ್ಪು ಸರಿಪಡಿಸಲಾಗಿದೆ. ನಡುವಿನ 40 ಅಂದ್ರೆ ಸರಿಪಡಿಸಿದ ತಪ್ಪುಗಳ ಎಣಿಕೆ ಒಂದು. ಕೊನೆಯ 0090 ಅಂದ್ರೆ ತಪ್ಪಾಗಿದ್ದು ಮೆಮೊರಿ ಓದುವಾಗ, ಮೆಮೊರಿ ಚಾನೆಲ್ 0ರಲ್ಲಿ. ಸಂಖ್ಯೆ ‘ಬಿಇ’ ಅಂತ ಶುರುವಾದರಂತೂ ಕೈಯಲ್ಲಿರೋ ಕೆಲಸ ಬಿಟ್ಟು ಎದ್ದೇಳಿ. 61 ಮತ್ತು 57 ಎರಡೂ 1, ತಪ್ಪು ಸರಿಯಾಗಿಲ್ಲ, ಪ್ರೊಸೆಸರಿನ ಸ್ಥಿತಿಯನ್ನೇ ನಂಬೋ ಹಾಗಿಲ್ಲ.

‘ಸರಿಪಡಿಸಿಯಾಯ್ತಲ್ಲ, ಮತ್ಯಾಕೆ ತಲೆಬಿಸಿ?’ ಅಂತಾರೆ. ವರ್ಷಕ್ಕೊಮ್ಮೆ ಎಲ್ಲೋ ಒಂದು ಬಿಟ್ ತಿರುಗಿದರೆ ಬಿಡಿ, ಒಪ್ಪುತ್ತೇನೆ. ಆದರೆ ಒಂದೇ ವಿಳಾಸದಲ್ಲಿ ದಿನವೂ ಬರ್ತಿದ್ರೆ? ಸಾಮಾನ್ಯ ಇಸಿಸಿ (ರ‍್ಯಾಮಿನ ತಪ್ಪು ಹುಡುಕಿ ತಿದ್ದೋ ವ್ಯವಸ್ಥೆ) ಒಂದು ಬಿಟ್ ಸರಿಮಾಡುತ್ತೆ, ಎರಡು ಬಿಟ್ ಕೆಟ್ಟರೆ ಪತ್ತೆ ಹಚ್ಚುತ್ತೆ, ಸರಿಮಾಡಲ್ಲ. ಪಕ್ಕದ ಇನ್ನೊಂದು ಬಿಟ್ ಕೈಕೊಟ್ಟ ದಿನ ಮಶೀನು ಡೇಟಾಬೇಸ್ ಸಮೇತ ಮಲಗುತ್ತೆ.

ಮಾಡಬೇಕಾದ್ದು ಇಷ್ಟು. ಹಾರ್ಡ್‌ವೇರ್ ತಪ್ಪುಗಳನ್ನು ದಾಖಲಿಸೋ ರಾಸ್‌ಡೀಮನ್ ಹಾಕಿ, ಸರ್ವಿಸ್ ಎನೇಬಲ್ ಮಾಡಿ. ಹಳೇ ಲೇಖನ ನೋಡಿ ಇದೇ ಕೆಲಸದ ಹಳೇ ಸಾಧನ ಎಂಸಿಇಲಾಗ್ ಹುಡುಕಬೇಡಿ, ಕರ್ನಲ್ 4.12ರಿಂದ ಅದನ್ನು ಹಳತು ಅಂತ ಬದಿಗಿಟ್ಟಿದ್ದಾರೆ. ಎಎಂಡಿ ಝೆನ್‌ಗಂತೂ ನಡೆಯೋದೇ ಇಲ್ಲ. ಒಂದು ದಿನ ಬಿಟ್ಟು ಅದರ ಜೊತೆ ಬರೋ ರಾಸ್-ಎಂಸಿ-ಸಿಟಿಎಲ್ ಕಮಾಂಡಿಗೆ ಸಮ್ಮರಿ, ಎರರ್ಸ್ ಎರಡೂ ಆಯ್ಕೆ ಕೊಟ್ಟು ನೋಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸೋ ಸೆಟ್ಟಿಂಗ್), ಓವರ್‌ಕ್ಲಾಕ್ ಇದ್ದರೆ ಮೊದಲು ತೆಗೆಯಿರಿ. ಆಮೇಲೆ ತಪ್ಪು ತೋರಿಸ್ತಿರೋ ರ‍್ಯಾಮ್ ಕಡ್ಡಿಯನ್ನು ಬೇರೆ ಸ್ಲಾಟಿಗೆ ಹಾಕಿ. ದೋಷ ಕಡ್ಡಿಯ ಹಿಂದೆ ಹೋದರೆ ಕಡ್ಡಿ ಬದಲಿಸಿ. ಹಳೇ ಸ್ಲಾಟಿನಲ್ಲೇ ಉಳಿದರೆ ಸ್ಲಾಟು, ಸಾಕೆಟ್ ಪಿನ್ನು, ಪ್ರೊಸೆಸರ್ ಕಡೆ ನೋಡಿ. ನೆನಪಿಡಿ, ಇಸಿಸಿ ಇಲ್ಲದ ಮಶೀನಿನಲ್ಲಿ ಇಡಾಕ್ (ಮೆಮೊರಿ ತಪ್ಪು ಎಣಿಸೋ ಕರ್ನಲ್ ಭಾಗ) ಎಣಿಕೆ ಕಾಣಲಿಲ್ಲ ಅಂದ್ರೆ ರ‍್ಯಾಮ್ ಚೆನ್ನಾಗಿದೆ ಅಂತಲ್ಲ. ಅಲ್ಲಿ ನೋಡೋರೇ ಇಲ್ಲ.

ಮಶೀನು ಹ್ಯಾಂಗ್ ಆದರೆ ಪವರ್ ಕೇಬಲ್ ಕೀಳಬೇಡಿ, ರೀಸೆಟ್ ಒತ್ತಿ. ಬ್ಯಾಂಕಿನಲ್ಲಿರೋ ದಾಖಲೆ ಸಾಮಾನ್ಯವಾಗಿ ರೀಸೆಟ್ಟಿನಲ್ಲಿ ಉಳಿಯುತ್ತೆ, ಮುಂದಿನ ಬೂಟಿನಲ್ಲಿ ಕರ್ನಲ್ ಓದಿ ಹೇಳುತ್ತೆ. ಕರೆಂಟು ತೆಗೆದರೆ ಅಳಿಸಿಹೋಗುತ್ತೆ.

ಪ್ರಶ್ನೆ ಕೇಳಿದವರೇ, ಆ ಉತ್ತರ ನಂಬಿ ಈಗಾಗಲೇ ಹಾಕಿಬಿಟ್ಟಿದ್ದರೆ ಗ್ರಬ್ ಸಾಲಿನಿಂದ ಎಂಸಿಇ=ಆಫ್ ತೆಗೆದು, ಗ್ರಬ್ ಅಪ್‌ಡೇಟ್ ಮಾಡಿ, ಇವತ್ತೇ ರೀಬೂಟ್ ಮಾಡಿ.